ಒಂದೇ ದಿನದಲ್ಲಿ ಇಡೀ ಮನೆ ಚೊಕ್ಕ ಮಾಡಬೇಕೇ? ಫಾರ್ವರ್ಡ್ ಹೇಳುವುದೇನು, ವಿಜ್ಞಾನ ಹೇಳುವುದೇನು?

ಯುಗಾದಿ, ಪಂಚಮಿ, ದಸರೆ, ದೀಪಾವಳಿ ಹತ್ತಿರ ಬಂದರೆ ಸಾಕು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮನೆ ಸ್ವಚ್ಛತೆಯ ಸಂದೇಶಗಳು ಓಡಾಡತೊಡಗುತ್ತವೆ. ಒಂದೇ ಭಾನುವಾರದಲ್ಲಿ ಬೇಡದ ಸಾಮಾನೆಲ್ಲ ಹೊರಗೆ ಹಾಕಿ ಎನ್ನುತ್ತದೆ ಒಂದು. ಹಳೆ ವಸ್ತುವಿನಿಂದ ಮನೆಗೆ ನೆಗೆಟಿವ್ ಎನರ್ಜಿ ಬರುತ್ತದೆ ಎನ್ನುತ್ತದೆ ಇನ್ನೊಂದು. 21 ದಿನ ಮಾಡಿದರೆ ಯಾವುದೇ ಕೆಲಸ ಅಭ್ಯಾಸವಾಗುತ್ತದೆ ಎಂಬುದು ಮತ್ತೊಂದು. ಇವುಗಳಲ್ಲಿ ನಿಜ ಎಷ್ಟು?

ಈ ಪ್ರಶ್ನೆಗೆ ಉತ್ತರ ಹುಡುಕಲು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿ ಒಳ್ಳೆಯ ಜಾಗ. ಬೆಂಗಳೂರು–ಪುಣೆ ಹೆದ್ದಾರಿಯ ಪಕ್ಕದ ಈ ಊರಿನಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕಲ್ಪನೆಯ ಉತ್ಸವ್ ರಾಕ್ ಗಾರ್ಡನ್ ಇದೆ. ಉತ್ತರ ಕರ್ನಾಟಕದ ಹಳ್ಳಿ ಬದುಕನ್ನು ಅಲ್ಲಿ ಶಿಲ್ಪಗಳಲ್ಲಿ ನಿಲ್ಲಿಸಿದ್ದಾರೆ. 2011ರಲ್ಲಿ ಆರಂಭವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇದೇ ಊರಿನಲ್ಲಿದೆ. ಹಳೆಯದನ್ನು ಉಳಿಸಿಕೊಳ್ಳುವುದಕ್ಕೂ ಹಳೆಯದನ್ನು ರಾಶಿ ಹಾಕುವುದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಕಣ್ಣಾರೆ ನೋಡಬಹುದು. ನಮ್ಮ ಅಟ್ಟದ ಮೇಲಿರುವುದು ಹೆಚ್ಚಿನ ಪಾಲು ಎರಡನೆಯದು.

ಈ ಭಾಗದ ಮನೆಗಳಲ್ಲಿ ಸಾಮಾನು ಎಲ್ಲೆಲ್ಲಿ ಸೇರಿಕೊಳ್ಳುತ್ತದೆ ಎಂದು ಎಲ್ಲರಿಗೂ ಗೊತ್ತು. ನಾಗಂದಿಗೆಯ ಮೇಲೆ ಹಳೆ ಡಬ್ಬಿಗಳು, ಅಟ್ಟದಲ್ಲಿ ಗೊಬ್ಬರದ ಖಾಲಿ ಚೀಲಗಳು, ಪಡಸಾಲೆಯ ಮೂಲೆಯಲ್ಲಿ ಗೋವಿನಜೋಳದ ಮೂಟೆಗಳು. ಹಿತ್ತಲಿಗೆ ಹೋದರೆ ಕುಳ್ಳು, ಕಟ್ಟಿಗೆ, ಒಡೆದ ಕೊಡ, ತೆಂಗಿನ ಚಿಪ್ಪು, ಟ್ರ್ಯಾಕ್ಟರ್‌ನ ಹಳೆ ಟೈರ್. ಇವುಗಳನ್ನು ತೆಗೆಯುವುದು ಬರೀ ಅಂದದ ವಿಷಯವಲ್ಲ, ಆರೋಗ್ಯದ ವಿಷಯ.

ಡೆಂಗೀ ಸೊಳ್ಳೆ ಗಟಾರದಲ್ಲಿ ಹುಟ್ಟುತ್ತದೆಯೇ?

ಬಹಳ ಜನ ಹಾಗೆ ನಂಬಿದ್ದಾರೆ. ಆದರೆ ಅದು ತಪ್ಪು. ಡೆಂಗೀ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಹೆಚ್ಚಾಗಿ ನಿಂತ, ತಿಳಿಯಾದ ನೀರಿನಲ್ಲಿ. ಮುಚ್ಚಳವಿಲ್ಲದ ಡ್ರಮ್ಮು, ಸಿಮೆಂಟಿನ ತೊಟ್ಟಿ, ಟೈರ್, ತೆಂಗಿನ ಚಿಪ್ಪು, ಹೂಕುಂಡದ ತಟ್ಟೆ, ಫ್ರಿಜ್ ಹಿಂದಿನ ನೀರಿನ ಟ್ರೇ ಅದಕ್ಕೆ ಬೇಕಾದ ಜಾಗಗಳು. ಗಟಾರ ಸ್ವಚ್ಛವಾಗಿರಬೇಕು ನಿಜ, ಆದರೆ ಗಟಾರ ಮಾತ್ರ ಸ್ವಚ್ಛ ಮಾಡಿ ಹಿತ್ತಲಿನ ಟೈರ್ ಹಾಗೇ ಬಿಟ್ಟರೆ ಡೆಂಗೀ ತಪ್ಪುವುದಿಲ್ಲ.

ಈ ಸೊಳ್ಳೆಯ ಬಗ್ಗೆ ಎರಡು ವಿಷಯ ಗೊತ್ತಿದ್ದರೆ ಮನೆ ಸ್ವಚ್ಛತೆಯ ಲೆಕ್ಕವೇ ಬದಲಾಗುತ್ತದೆ.

ಒಂದು, ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸಾಮಾನ್ಯವಾಗಿ 7ರಿಂದ 10 ದಿನ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸೊಳ್ಳೆ ಹುಟ್ಟುವ ಮೊದಲೇ ಸರಪಳಿ ಕತ್ತರಿಸಿಹೋಗುತ್ತದೆ. ಆರೋಗ್ಯ ಇಲಾಖೆಯವರು ವಾರಕ್ಕೊಂದು ದಿನ ‘ಒಣ ದಿನ’ ಆಚರಿಸಿ ಎನ್ನುವುದು ಇದೇ ಲೆಕ್ಕದ ಮೇಲೆ.

ಎರಡು, ಮೊಟ್ಟೆಗಳು ನೀರಿನಲ್ಲಿ ತೇಲುವುದಿಲ್ಲ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಕೊಂಡಿರುತ್ತವೆ. ನೀರು ಒಣಗಿದರೂ ಹಲವು ತಿಂಗಳು ಬದುಕಿದ್ದು, ಮತ್ತೆ ನೀರು ತುಂಬಿದಾಗ ಮರಿಯಾಗುತ್ತವೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಉಜ್ಜಬೇಕು.

ಇದು ನಮಗೆ ಹೊಸದೇನಲ್ಲ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ದಿನ ಬಚ್ಚಲ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಹೊಸ ನೀರು ತುಂಬಿ ಪೂಜೆ ಮಾಡುತ್ತೇವೆ. ವರ್ಷಕ್ಕೊಮ್ಮೆ ಮಾಡುವ ಆ ತಿಕ್ಕುವ ಕೆಲಸವನ್ನು ನೀರು ತುಂಬಿಡುವ ಎಲ್ಲ ಪಾತ್ರೆಗಳಿಗೂ ವಾರಕ್ಕೊಮ್ಮೆ ಮಾಡಬೇಕು, ಅಷ್ಟೇ. ನಲ್ಲಿ ನೀರು ದಿನಾ ಬಾರದ ಊರುಗಳಲ್ಲಿ ನೀರು ತುಂಬಿಡುವುದು ಅನಿವಾರ್ಯ. ಅಲ್ಲಿ ಬಿಗಿಯಾದ ಮುಚ್ಚಳ, ಅದು ಇಲ್ಲದಿದ್ದರೆ ದಪ್ಪ ಬಟ್ಟೆ ಕಟ್ಟುವುದು ದಾರಿ.

ಇದರಲ್ಲಿ ಕಾನೂನಿನ ಮಾತೂ ಇದೆ. 2024ರಲ್ಲಿ ರಾಜ್ಯದಲ್ಲಿ ಡೆಂಗೀ ಹೆಚ್ಚಾದಾಗ ಸರ್ಕಾರ ಸೆಪ್ಟೆಂಬರ್‌ನಲ್ಲಿ ನಿಯಮ ತಂದು, ಸೊಳ್ಳೆ ಹುಟ್ಟುವಂತೆ ನೀರು ನಿಲ್ಲಲು ಬಿಟ್ಟರೆ ನಗರದ ಮನೆಗಳಿಗೆ 400 ರೂಪಾಯಿ, ಗ್ರಾಮೀಣ ಮನೆಗಳಿಗೆ 200 ರೂಪಾಯಿ ದಂಡ ಎಂದು ಗೊತ್ತುಮಾಡಿತು.

ಉಪ್ಪು, ಬೆಳ್ಳುಳ್ಳಿ, ಫಿನಾಯಿಲ್ ಹಾಕಿದರೆ ಹಾವು ಬರುವುದಿಲ್ಲವೇ?

ಮಳೆಗಾಲದಲ್ಲಿ ತಪ್ಪದೆ ಬರುವ ಫಾರ್ವರ್ಡ್ ಇದು. ಇವುಗಳಿಂದ ಹಾವು ದೂರ ಇರುತ್ತದೆ ಎನ್ನುವುದಕ್ಕೆ ನಂಬಬಹುದಾದ ಪುರಾವೆ ಇಲ್ಲ. ಕಾರ್ಬಾಲಿಕ್ ಆಸಿಡ್ ಸುರಿಯುವವರೂ ಇದ್ದಾರೆ. ಅದು ಮೈಗೆ ತಾಗಿದರೆ ಚರ್ಮ ಸುಡುತ್ತದೆ. ಮಕ್ಕಳು, ದನಕರು ಓಡಾಡುವ ಅಂಗಳದಲ್ಲಿ ಅದು ಅಪಾಯ.

ಹಾವು ಮನೆಗೆ ಬರುವುದು ಊಟ ಹುಡುಕಿಕೊಂಡು ಮತ್ತು ಅಡಗಲು ಜಾಗ ಹುಡುಕಿಕೊಂಡು. ಕಾಳು ಚೆಲ್ಲಿದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಮೂಟೆಗಳ ಸಂದು, ಕುಳ್ಳಿನ ರಾಶಿ, ಗೋಡೆಗೆ ಒತ್ತಿಟ್ಟ ಕಟ್ಟಿಗೆ, ಹಂಚಿನ ಗುಡ್ಡೆ ಎರಡಕ್ಕೂ ಮನೆ. ಚೇಳಿಗೂ ಅಷ್ಟೇ.

ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಚ್ಚಿ ಸತ್ತಿದ್ದಾರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತ್ತು. ಹೆಚ್ಚಿನವರು ಹಳ್ಳಿಯವರು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿತು. ಅಂದರೆ ಆಸ್ಪತ್ರೆಗೆ ಬಂದ ಪ್ರತಿ ಪ್ರಕರಣದ ಲೆಕ್ಕ ಇಡಬೇಕು.

ಹಾಗಾದರೆ ಏನು ಮಾಡಬೇಕು? ಕಟ್ಟಿಗೆ, ಕುಳ್ಳಿನ ರಾಶಿಯನ್ನು ಮನೆ ಗೋಡೆಯಿಂದ ದೂರ ಸರಿಸಿ. ಮೂಟೆಗಳನ್ನು ನೆಲದ ಮೇಲೆ ಇಡದೆ ಹಲಗೆಯ ಮೇಲಿಟ್ಟು, ಗೋಡೆಗೂ ಮೂಟೆಗೂ ನಡುವೆ ಕಸಬರಿಗೆ ಆಡುವಷ್ಟು ಜಾಗ ಬಿಡಿ. ಬಿಲ, ಸಂದುಗಳನ್ನು ಮುಚ್ಚಿ. ರಾಶಿಗೆ ಬರಿಗೈ ಹಾಕಬೇಡಿ, ಮೊದಲು ಕೋಲಿನಿಂದ ಸರಿಸಿ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಹೆಚ್ಚು, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮಂಚದ ಮೇಲೆ, ಸೊಳ್ಳೆ ಪರದೆಯನ್ನು ಹಾಸಿಗೆಯ ಅಡಿ ಸಿಕ್ಕಿಸಿ ಮಲಗುವುದು ಹಾವಿಗೂ ಸೊಳ್ಳೆಗೂ ಒಂದೇ ರಕ್ಷಣೆ.

ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಬಾಯಿಂದ ಹೀರಬೇಡಿ. ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ನೋಡಿಕೊಂಡು, 108ಕ್ಕೆ ಕರೆ ಮಾಡಿ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ತಡಮಾಡದೆ ಹೋಗಿ.

‘ನೆಗೆಟಿವ್ ಎನರ್ಜಿ’ ನಿಜವೇ?

ವಸ್ತುಗಳಿಂದ ಅಂಥ ಯಾವ ಶಕ್ತಿಯೂ ಹೊರಡುವುದಿಲ್ಲ. ಒಡೆದ ಕನ್ನಡಿಯಿಂದ ಬರುವ ಅಪಾಯ ಕೈ ಕೊಯ್ದುಕೊಳ್ಳುವುದು ಮಾತ್ರ. ಆದರೆ ತುಂಬಿ ತುಳುಕುವ ಮನೆಯಲ್ಲಿ ಮನಸ್ಸಿಗೆ ದಣಿವಾಗುತ್ತದೆ ಎಂಬ ಅನುಭವ ಸುಳ್ಳಲ್ಲ. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳ 60 ಜನರನ್ನು ಸಂಶೋಧಕರು ಗಮನಿಸಿದ್ದರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ತಮ್ಮ ಮನೆಯನ್ನು ತೋರಿಸುವಾಗ ರಾಶಿ ಬಿದ್ದಿದೆ, ಕೆಲಸ ಬಾಕಿ ಇದೆ ಎಂಬಂಥ ಮಾತು ಹೆಚ್ಚು ಆಡಿದ ಹೆಂಗಸರಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ದಿನದಲ್ಲಿ ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ.

ಇಲ್ಲಿ ಎಚ್ಚರ ಬೇಕು. ಸಾಮಾನಿನಿಂದಲೇ ಒತ್ತಡ ಬಂತು ಎಂದು ಇದು ಸಾಬೀತು ಮಾಡುವುದಿಲ್ಲ. ಒತ್ತಡದಲ್ಲಿರುವವರಿಗೆ ಮನೆ ಜೋಡಿಸಲು ಆಗದೇ ಇರಬಹುದು. ಒಂದಂತೂ ಹೇಳಬಹುದು: ಮನೆಯ ಕೆಲಸ ಒಬ್ಬರ ತಲೆಯ ಮೇಲೇ ಬಿದ್ದರೆ ಒತ್ತಡವೂ ಅವರ ಮೇಲೇ ಬೀಳುತ್ತದೆ. ಈ ಫಾರ್ವರ್ಡನ್ನು ಅವ್ವನಿಗೋ ಹೆಂಡತಿಗೋ ಕಳಿಸುವ ಬದಲು ನಾವೇ ಎದ್ದು ಒಂದು ಮೂಲೆ ತೆಗೆದುಕೊಳ್ಳುವುದು ಒಳ್ಳೆಯದು.

ಬಿಸಾಡಲು ಮನಸ್ಸೇ ಬರುವುದಿಲ್ಲ, ಏಕೆ?

ಮುಂದೆ ಎಂದಾದರೂ ಬೇಕಾಗಬಹುದು ಎಂಬ ಮಾತು ಎಲ್ಲ ಮನೆಗಳಲ್ಲೂ ಕೇಳುತ್ತದೆ. ಇದಕ್ಕೆ ಒಂದು ವಿವರಣೆ ಇದೆ. 1990ರಲ್ಲಿ ಡೇನಿಯಲ್ ಕಾಹ್ನೆಮನ್, ಜ್ಯಾಕ್ ನೆಚ್ ಮತ್ತು ರಿಚರ್ಡ್ ಥೇಲರ್ ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಮಗ್ ಸಿಗದವರಿಗೆ ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿದರು. ಮಗ್ ಇದ್ದವರು ಕೇಳಿದ ಬೆಲೆ ಕೊಳ್ಳುವವರು ಹೇಳಿದ್ದಕ್ಕಿಂತ ಸುಮಾರು ಎರಡು ಪಟ್ಟು. ವಸ್ತು ನಮ್ಮದಾದ ಕೂಡಲೇ ನಮ್ಮ ಕಣ್ಣಿನಲ್ಲಿ ಅದರ ಬೆಲೆ ಏರುತ್ತದೆ. ಹಾಗಾಗಿ ಇದು ಬೇಕೇ ಎಂದು ಕೇಳಿಕೊಳ್ಳುವ ಬದಲು, ಇದು ಇಂದು ಸಂತೆಯಲ್ಲಿ ಸಿಕ್ಕರೆ ದುಡ್ಡು ಕೊಟ್ಟು ತರುತ್ತೇನೆಯೇ ಎಂದು ಕೇಳಿಕೊಳ್ಳಿ.

ಬಡತನ ಕಂಡ ಮನೆಗಳಲ್ಲಿ ಕೂಡಿಡುವ ಗುಣಕ್ಕೆ ಇನ್ನೊಂದು ಕಾರಣವೂ ಇದೆ. ಅಲ್ಲಿ ವಸ್ತು ಎಂದರೆ ಉಳಿತಾಯ. ಅಜ್ಜಿಯನ್ನು ಗದರಿಸಿ ಅವರ ಪೆಟ್ಟಿಗೆ ಖಾಲಿ ಮಾಡುವುದು ತಪ್ಪು. ಅವರಿಗೇ ಕೇಳಿ. ನಮ್ಮ ಭಾಗದ ಕೌದಿಯನ್ನೇ ನೋಡಿ: ಹಳೆ ಸೀರೆ, ಧೋತರ, ಮಕ್ಕಳ ಹರಿದ ಅಂಗಿಗಳನ್ನು ಪದರ ಪದರವಾಗಿ ಜೋಡಿಸಿ ಕೈಯಿಂದ ಹೊಲಿದ ಹೊದಿಕೆ. ಹಳೆ ಬಟ್ಟೆಯ ಗಂಟು ಅಟ್ಟದಲ್ಲಿದ್ದರೆ ಇಲಿಗೆ ಗೂಡು, ಕೌದಿಯಾದರೆ ಮನೆಮಂದಿಗೆ ಬೆಚ್ಚಗೆ. ನೆನಪಿಗಾಗಿ ಇಟ್ಟ ಬೀಸುವ ಕಲ್ಲು, ಸೇರು, ಪಾವುಗಳಿದ್ದರೆ ಅವುಗಳ ಕತೆಯನ್ನು ಹಿರಿಯರ ಬಾಯಿಂದ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಒಂದೆರಡನ್ನು ಕಾಣುವಂತೆ ಇಡಿ. ಉಳಿದದ್ದನ್ನು ಕೊಡುವುದು ಆಗ ಅಷ್ಟು ಕಷ್ಟವೆನಿಸುವುದಿಲ್ಲ.

21 ದಿನದ ಲೆಕ್ಕ ಎಲ್ಲಿಂದ ಬಂತು?

ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರ ತಮ್ಮ ಪುಸ್ತಕದಲ್ಲಿ, ತಮ್ಮ ಬದಲಾದ ಮುಖಕ್ಕೆ ಒಗ್ಗಿಕೊಳ್ಳಲು ಜನರಿಗೆ ಕನಿಷ್ಠ ಸುಮಾರು 21 ದಿನ ಬೇಕಾಗುತ್ತದೆ ಎಂದು ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ ‘ಕನಿಷ್ಠ’ ಬಿದ್ದುಹೋಗಿ 21 ಉಳಿಯಿತು. ಲಂಡನ್ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಹೊಸ ಕೆಲಸವೊಂದು ಅಭ್ಯಾಸವಾಗಲು ಬೇಕಾದದ್ದು 18ರಿಂದ 254 ದಿನ. ನಡುವಿನ ಅಂಕಿ 66. ಇನ್ನೂ ಒಂದು ಸಮಾಧಾನದ ವಿಷಯ ಅದರಲ್ಲಿತ್ತು: ಒಂದು ದಿನ ತಪ್ಪಿದರೆ ಅಭ್ಯಾಸವೇನೂ ಕೆಡುವುದಿಲ್ಲ. 22ನೇ ದಿನವೂ ಬೇಸರವಾದರೆ ನೀವು ಸೋತಿರಿ ಎಂದಲ್ಲ.

ಒಂದೇ ದಿನದ ಬದಲು ದಿನಕ್ಕಿಷ್ಟು

ಮನೆಯನ್ನೆಲ್ಲ ಒಂದೇ ದಿನದಲ್ಲಿ ಎಳೆದು ಹಾಕಿದರೆ ಸಂಜೆಗೆ ಸುಸ್ತು, ಅರ್ಧ ಸಾಮಾನು ಮತ್ತೆ ಅಟ್ಟಕ್ಕೆ. 1984ರಲ್ಲಿ ಕಾರ್ಲ್ ವೈಕ್ ಎಂಬ ವಿದ್ವಾಂಸ ‘ಸಣ್ಣ ಗೆಲುವು’ಗಳ ಬಗ್ಗೆ ಒಂದು ಪ್ರಬಂಧ ಬರೆದರು. ದೊಡ್ಡ ಸಮಸ್ಯೆಯನ್ನು ದೊಡ್ಡದಾಗಿಯೇ ನೋಡಿದರೆ ಕೈಕಾಲು ಆಡುವುದಿಲ್ಲ, ಮುಗಿಸಬಹುದಾದ ಸಣ್ಣ ತುಂಡುಗಳಾಗಿ ಮಾಡಿಕೊಂಡರೆ ಒಂದು ಗೆಲುವು ಮುಂದಿನದಕ್ಕೆ ದಾರಿ ಮಾಡುತ್ತದೆ ಎಂಬುದು ಅದರ ಸಾರ. ಈಡಿಸ್ ಸೊಳ್ಳೆಯ ಲೆಕ್ಕವೂ ಇದನ್ನೇ ಹೇಳುತ್ತದೆ. ವರ್ಷಕ್ಕೊಮ್ಮೆ ಹತ್ತು ತಾಸು ದುಡಿದರೆ ಸೊಳ್ಳೆ ನಿಲ್ಲುವುದಿಲ್ಲ, ವಾರಕ್ಕೊಮ್ಮೆ ಹದಿನೈದು ನಿಮಿಷ ಕೊಟ್ಟರೆ ನಿಲ್ಲುತ್ತದೆ.

ಹೀಗೆ ಶುರು ಮಾಡಬಹುದು:

• ಸೋಮವಾರ: ಹಿತ್ತಲಿನ ಚಿಪ್ಪು, ಒಡೆದ ಕೊಡ, ಡಬ್ಬಿಗಳನ್ನು ಬೋರಲು ಹಾಕಿ ಅಥವಾ ಗುಜರಿಗೆ ಕೊಡಿ. ಟೈರ್ ಬೇಕೇ ಬೇಕು ಎಂದರೆ ಮಳೆ ಬೀಳದ ಕಡೆ ಇಡಿ.

• ಮಂಗಳವಾರ: ನೀರಿನ ಪಾತ್ರೆಗಳ ಒಳಗೋಡೆ ಉಜ್ಜಿ, ಮುಚ್ಚಳ ಹುಡುಕಿ.

• ಬುಧವಾರ: ಔಷಧಿ ಡಬ್ಬಿ ತೆಗೆಯಿರಿ. ಅವಧಿ ಮುಗಿದವು, ಯಾವುದಕ್ಕೆಂದು ನೆನಪಿಲ್ಲದವು ಬೇರೆ ಮಾಡಿ. ಕಳೆದ ವರ್ಷ ಉಳಿದ ಆ್ಯಂಟಿಬಯಾಟಿಕ್ ಈ ವರ್ಷದ ಜ್ವರಕ್ಕಲ್ಲ. ಮಾತ್ರೆಗಳನ್ನು ಒಲೆಗೆ, ಗಟಾರಕ್ಕೆ ಹಾಕಬೇಡಿ. ಬಿಡಿಸಿ ಚಹಾದ ಚರಟದಲ್ಲಿ ಕಲಸಿ, ಕವರಿನಲ್ಲಿ ಕಟ್ಟಿ ಕಸದ ಗಾಡಿಗೆ ಕೊಡಿ.

• ಗುರುವಾರ: ಕೀಟನಾಶಕದ ಬಾಟಲಿಗಳನ್ನು ಅಡುಗೆಮನೆ, ನಾಗಂದಿಗೆಯಿಂದ ಹೊರಗೆ ಒಯ್ದು ಬೀಗ ಹಾಕುವ ಪೆಟ್ಟಿಗೆಯಲ್ಲಿ ಇಡಿ. ಜ್ಯೂಸ್ ಬಾಟಲಿಗೆ ಸುರಿದಿಡಬೇಡಿ. ಖಾಲಿ ಕ್ಯಾನಿನಲ್ಲಿ ನೀರು, ಎಣ್ಣೆ ತುಂಬಬೇಡಿ. ಎಷ್ಟು ತೊಳೆದರೂ ಬೇಡ.

• ಶುಕ್ರವಾರ: ಒಂದು ಮೂಟೆ ಸಾಲನ್ನು ಗೋಡೆಯಿಂದ ಸರಿಸಿ, ಚೆಲ್ಲಿದ ಕಾಳು ಗುಡಿಸಿ.

• ಶನಿವಾರ: ಹಳೆ ಮೊಬೈಲ್, ಚಾರ್ಜರ್ ಒಂದು ಡಬ್ಬಿಗೆ ಹಾಕಿಡಿ, ಇ-ತ್ಯಾಜ್ಯ ಪಡೆಯುವವರಿಗೇ ಕೊಡಿ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಬೇರೆಯಾಗಿ ಇಡಿ.

• ಭಾನುವಾರ: ಏನೂ ಮಾಡಬೇಡಿ.

ತೆಗೆದದ್ದನ್ನು ಮನೆ ಮುಂದೆ ಸುಡಬೇಡಿ. ಪ್ಲಾಸ್ಟಿಕ್, ರಬ್ಬರ್ ಹೊಗೆ ಉಸಿರಿಗೆ ವಿಷ, ಅಸ್ತಮಾ ಇರುವವರಿಗೆ ಇನ್ನೂ ಕೆಟ್ಟದ್ದು.

ಒಟ್ಟಾರೆ

ಒಂದೇ ದಿನದಲ್ಲಿ ಮನೆ ಖಾಲಿ ಮಾಡಬೇಕೆಂಬುದು ಬೇಕಿಲ್ಲದ ಒತ್ತಡ. ನೆಗೆಟಿವ್ ಎನರ್ಜಿ ಸುಳ್ಳು, 21 ದಿನದ ಲೆಕ್ಕ ಅರೆಸತ್ಯ, ಉಪ್ಪು ಬೆಳ್ಳುಳ್ಳಿಯಿಂದ ಹಾವು ನಿಲ್ಲುವುದಿಲ್ಲ. ಸೊಳ್ಳೆ, ಇಲಿ, ಹಾವು, ಕೀಟನಾಶಕ ಮಾತ್ರ ನಿಜವಾದ ಅಪಾಯಗಳು, ಅವುಗಳನ್ನು ತಡೆಯುವ ಕೆಲಸ ನಮ್ಮ ಹಿತ್ತಲಿನಲ್ಲೇ ಇದೆ. ಈ ಲೇಖನ ಹಂಚಿಕೊಳ್ಳುವುದಾದರೆ ಹಂಚಿಕೊಳ್ಳಿ. ಅದಕ್ಕೂ ಮೊದಲು ಹಿತ್ತಲಿಗೆ ಹೋಗಿ, ಮಳೆನೀರು ನಿಂತ ಒಂದು ಚಿಪ್ಪನ್ನು ಬೋರಲು ಹಾಕಿ ಬನ್ನಿ.