ಚಂಚಲ ಗಮನ ಮತ್ತು ಜೊತೆಗಾರರ ಆಸರೆ

ಮಳೆ ಕೈಕೊಟ್ಟು ಬಾವಿ ಬತ್ತಿದಾಗ ಅವಿನಾಶಿ, ಪಲ್ಲಡಂ, ಅನ್ನೂರು ಕಡೆಯ ಬೇಸಾಯದ ಮನೆಗಳಿಂದ ಒಬ್ಬರಾದರೂ ತಿರುಪ್ಪೂರಿನ ಬನಿಯನ್ ಕಂಪೆನಿಗೆ ಹೋಗುವುದುಂಟು. ಅಂಥ ಮನೆಗಳಲ್ಲಿ ನಾವು ಆಗಾಗ ಕೇಳುವ ದೂರು ಇದು: ಹುಡುಗ ಬುದ್ಧಿವಂತ, ಕೈ ಚುರುಕು, ಆದರೆ ಹಿಡಿದ ಕೆಲಸ ಮುಗಿಸುವುದಿಲ್ಲ. ಮೋಟಾರು ಹಾಕಿ ಮರೆಯುತ್ತಾನೆ. ಬೈಗುಳ ತಾಳಲಾರದೆ ಕಂಪೆನಿಯಿಂದ ಕಂಪೆನಿಗೆ ಅಲೆಯುತ್ತಾನೆ.

ಇಂಥವರನ್ನೆಲ್ಲ ಸೋಮಾರಿಗಳೆಂದು ತಳ್ಳಿಬಿಡುವುದು ಸರಿಯಲ್ಲ. ಕೆಲವರಿಗಿರುವುದು ವೈದ್ಯರು ಎ.ಡಿ.ಎಚ್.ಡಿ. ಎನ್ನುವ ತೊಂದರೆ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆ. 1902ರಲ್ಲೇ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಈಗಿನ ಹೆಸರು ಬಂದದ್ದು 1987ರಲ್ಲಿ. ಇದು ಮೆದುಳಿನ ಬೆಳವಣಿಗೆಗೆ ಸೇರಿದ್ದು, ಬಹುಮಟ್ಟಿಗೆ ವಂಶದಲ್ಲಿ ಬರುವಂಥದ್ದು. ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಕಾಣಿಸಿಕೊಂಡಿರುತ್ತವೆ. ದೊಡ್ಡವರಾದ ಮೇಲೆ ಓಡಾಟ ತಗ್ಗಿದರೂ ಮರೆವು, ಅವಸರ, ಹೊತ್ತಿನ ಅಂದಾಜು ತಪ್ಪುವುದು ಉಳಿಯಬಹುದು. ಮನಸ್ಸಿಗೆ ಹಿಡಿಸಿದ ಕೆಲಸದಲ್ಲಿ ಗಂಟೆಗಟ್ಟಲೆ ಮುಳುಗುವುದೂ ಉಂಟು. "ಬೇಕಾದ್ದಕ್ಕೆ ಮಾತ್ರ ಗಮನವೇ?" ಎಂದು ಹಂಗಿಸಬಾರದು.

ಬನಿಯನ್ ಕೆಲಸ ಸರಪಳಿಯಂತೆ. ಕಟಿಂಗ್, ಓವರ್‌ಲಾಕ್, ಚೆಕಿಂಗ್, ಇಸ್ತ್ರಿ, ಪ್ಯಾಕಿಂಗ್: ಒಬ್ಬರು ತಪ್ಪಿದರೆ ಮುಂದಿನವರ ಕೆಲಸ ನಿಲ್ಲುತ್ತದೆ. ಅದಕ್ಕೇ ಪಕ್ಕದವರ ಸಹಾಯ ದೊಡ್ಡದು. ಅವರು ಮಾಡಬಹುದಾದದ್ದು ಇಷ್ಟೇ:

1. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಬರೆದೂ ಕೊಡುವುದು.
2. ಮಾದರಿ ತುಂಡೊಂದನ್ನು ಕಣ್ಣೆದುರು ಇಡುವುದು.
3. ದೊಡ್ಡ ಕಟ್ಟನ್ನು ಸಣ್ಣ ಕಟ್ಟುಗಳಾಗಿ ಕೊಡುವುದು.
4. ಜನ ಓಡಾಡುವ ಬಾಗಿಲ ಬಳಿ ಕೂರಿಸದಿರುವುದು.
5. ತಪ್ಪನ್ನು ಎಲ್ಲರೆದುರು ಆಡದೆ, ಪಕ್ಕಕ್ಕೆ ಕರೆದು ಹೇಳುವುದು.

ಹೊಲದಲ್ಲೂ ಇದೇ ಕ್ರಮ. ಮೋಟಾರಿಗೆ ಟೈಮರ್ ಹಾಕಿಸಿ. ಕೀಟನಾಶಕದ ಅಳತೆಯನ್ನು ದಪ್ಪಕ್ಷರದಲ್ಲಿ ಬರೆದಿಟ್ಟು, ಇಬ್ಬರು ನೋಡಿ ಬೆರೆಸಿ. ಕತ್ತರಿಸುವ ಯಂತ್ರ ಓಡುವಾಗ ಮೊಬೈಲ್ ಬೇಡವೇ ಬೇಡ. ಇಲ್ಲಿ ಒಂದು ಕ್ಷಣದ ಮೈಮರೆವಿಗೆ ಬೆರಳು ತೆರಬೇಕಾದೀತು.

ತೊಂದರೆ ಇರುವವರಿಗೂ ಒಂದು ಮಾತು. ದಿನವೂ ನೆನಪಿಸುವ ಗೆಳೆಯನಿಗೂ ದಣಿವಾಗುತ್ತದೆ. "ನೀನಿದ್ದುದರಿಂದ ಇವತ್ತು ಕೆಲಸ ಮುಗಿಯಿತು" ಎಂದು ಬಾಯಿಬಿಟ್ಟು ಹೇಳಿ. ನಿಮಗೆ ಸಲೀಸಾದ ಕೆಲಸದಲ್ಲಿ ಅವನಿಗೆ ಕೈಜೋಡಿಸಿ. ಮುಯ್ಯಾಳು ಪದ್ಧತಿ ಬಲ್ಲ ನಮಗೆ ಇದು ಹೊಸ ಪಾಠವೇನಲ್ಲ.

ನಿದ್ರೆಗೇಡು, ಚಿಂತೆ, ಕುಡಿತ, ಥೈರಾಯ್ಡ್ ದೋಷಗಳಿಂದಲೂ ಗಮನ ಕೆಡುತ್ತದೆ. ಆದ್ದರಿಂದ ನೀವೇ ತೀರ್ಮಾನಿಸದೆ ಮನೋವೈದ್ಯರನ್ನು ಕಾಣಿ. ಒಳ್ಳೆಯ ಔಷಧಿಗಳಿವೆ; ಅವನ್ನು ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದು. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಕರೆಮಾಡಿ ಉಚಿತವಾಗಿ ಸಲಹೆ ಕೇಳಬಹುದು.

ಮಗನನ್ನು ಮತ್ತೊಮ್ಮೆ ಬೈಯುವ ಮೊದಲು, ಅವನು ಶಾಲೆಗೆ ಹೋಗುತ್ತಿದ್ದ ದಿನಗಳನ್ನು ನೆನಪಿಸಿಕೊಳ್ಳಿ. ಆಗಲೂ ಹೀಗೇ ಇದ್ದನೇ? ಹೌದಾದರೆ ಅವನಿಗೆ ಬೇಕಾದದ್ದು ನಿಮ್ಮ ಆಸರೆ.