ಪ್ರಬಂಧವನ್ನು ಬರೆಯುವ ಬಗೆ

ಬರೆವಣಿಗೆಯನ್ನು ಕಲಿಸಬಹುದೇ, ಅಥವಾ ಅದು ಹುಟ್ಟಿನೊಡನೆ ಬರತಕ್ಕ ಶಕ್ತಿಯೇ ಎಂಬ ಪ್ರಶ್ನೆ ಹೊಸದಲ್ಲ. ಬೀದರಿನ ಹಳೆಯ ಪೇಟೆಯಲ್ಲಿ, ಒಂದು ಪಾರ್ಶ್ವ ಕುಸಿದು ಹೋಗಿದ್ದರೂ ಇಂದಿಗೂ ಗಂಭೀರವಾಗಿ ನಿಂತಿರುವ ಮದರಸಾವನ್ನು ಶ್ರೋತೃಗಳಲ್ಲಿ ಅನೇಕರು ಕಂಡಿರಬಹುದು. ಬಹಮನೀ ರಾಜ್ಯದ ಮಂತ್ರಿಯಾಗಿದ್ದ ಮಹಮೂದ್ ಗವಾನನು ಅದನ್ನು 1472ರಲ್ಲಿ ಕಟ್ಟಿಸಿದನು. ಅವನು ಕಟ್ಟಿಸಿದುದನ್ನು ಬಲ್ಲವರು ಬಹಳ. ಬರೆದುದನ್ನು ಬಲ್ಲವರು ಕಡಮೆ. ಪಾರಸಿ ಭಾಷೆಯಲ್ಲಿ ಗದ್ಯವನ್ನೂ ಪತ್ರಗಳನ್ನೂ ರಚಿಸತಕ್ಕ ಕ್ರಮವನ್ನು ಕುರಿತು ‘ಮನಾಜಿರ್-ಉಲ್-ಇನ್ಶಾ’ ಎಂಬ ಗ್ರಂಥವನ್ನು ಅವನು ರಚಿಸಿದನು. ಅವನ ಪತ್ರಗಳು ‘ರಿಯಾಜ್-ಉಲ್-ಇನ್ಶಾ’ ಎಂಬ ಸಂಗ್ರಹದಲ್ಲಿ ಉಳಿದು ಬಂದಿವೆ. ಬರೆವಣಿಗೆಗೊಂದು ಕ್ರಮವುಂಟು, ಅದನ್ನು ಕಲಿಯಬಹುದು ಎಂಬ ನಂಬಿಕೆ ಬೀದರಿನಲ್ಲಿ ಐದು ಶತಮಾನಗಳಿಗೂ ಹಳೆಯದೆಂದಾಯಿತು.

ಆ ಮಂತ್ರಿಯ ಅಂತ್ಯವಾದರೋ ಒಂದು ಪತ್ರದಿಂದಲೇ ಆಯಿತು. ಅವನ ಶತ್ರುಗಳು ಮುದ್ರೆ ಕಾಯುವವನನ್ನು ಒಳಗೆ ಹಾಕಿಕೊಂಡು, ಬರಿಯ ಕಾಗದದ ಮೇಲೆ ಅವನ ಮುದ್ರೆಯನ್ನು ಒತ್ತಿಸಿ, ಒಡಿಸ್ಸಾದ ಅರಸನನ್ನು ದಂಡೆತ್ತಿ ಬರುವಂತೆ ಕರೆಯುವ ದ್ರೋಹದ ಒಕ್ಕಣೆಯನ್ನು ಅದರಲ್ಲಿ ತುಂಬಿದರೆಂದು ಇತಿಹಾಸಕಾರರು ಹೇಳುತ್ತಾರೆ. ಸುಲ್ತಾನನು ವಿಚಾರಣೆಯಿಲ್ಲದೆ 1481ರಲ್ಲಿ ಅವನನ್ನು ಕೊಲ್ಲಿಸಿದನು. ಮುದ್ರೆ ಅವನದು, ಮಾತು ಅನ್ಯರದು.

ಈ ಕತೆಯನ್ನು ಇಲ್ಲಿ ಹೇಳುವುದಕ್ಕೆ ಕಾರಣವುಂಟು. ನಮ್ಮ ಶಾಲೆ ಕಾಲೇಜುಗಳಲ್ಲಿ ಬರೆಯಲ್ಪಡುವ ಪ್ರಬಂಧಗಳಲ್ಲಿ ಬಹುಪಾಲು ಇಂತಹ ಪತ್ರಗಳೇ. ಕೆಳಗೆ ಹೆಸರು ವಿದ್ಯಾರ್ಥಿಯದು. ಮೇಲಿನ ಮಾತೆಲ್ಲ ಯಾವುದೋ ಕೈಪಿಡಿಯದು. ವ್ಯತ್ಯಾಸವೆಂದರೆ, ಗವಾನನ ಮುದ್ರೆಯನ್ನು ಕದ್ದರು. ಇಲ್ಲಿ ವಿದ್ಯಾರ್ಥಿಯು ತನ್ನ ಮುದ್ರೆಯನ್ನು ತಾನಾಗಿ ಕೊಟ್ಟುಬಿಡುತ್ತಾನೆ. ‘ನದಿಗಳ ಉಪಯೋಗ’ ಎಂಬ ವಿಷಯವನ್ನು ಕೊಟ್ಟರೆ, ಭಾಲ್ಕಿಯ ಬಾಲಕನು ಗಂಗೆ ಯಮುನೆಗಳನ್ನು ಹೊಗಳುತ್ತಾನೆ. ಅವನ ತಾಲ್ಲೂಕಿನಲ್ಲೇ ಮಾಂಜರಾ ನದಿ ಹರಿಯುತ್ತದೆ. ಅದರ ಉಪನದಿಯಾದ ಕಾರಂಜಾಕ್ಕೆ ಅಣೆಕಟ್ಟು ಬಂದಿದೆ. ಇವು ಅವನ ಪ್ರಬಂಧದಲ್ಲಿ ಕಾಣುವುದಿಲ್ಲ. ತಾನು ಕಂಡುದು ಬರೆಯಲು ಯೋಗ್ಯವಲ್ಲ, ಪುಸ್ತಕದಲ್ಲಿ ಅಚ್ಚಾದುದೇ ಯೋಗ್ಯ ಎಂದು ಅವನಿಗೆ ಯಾರೋ ತಿಳಿಸಿಕೊಟ್ಟಿದ್ದಾರೆ. ಈ ಭ್ರಮೆಯನ್ನು ಮೊದಲು ಕಳೆಯಬೇಕು.

ಪ್ರಬಂಧವೆಂಬುದಕ್ಕೆ ಫ್ರೆಂಚರ ಮೊಂಟೇನನು 1580ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇಟ್ಟ ಹೆಸರಿಗೆ ‘ಪ್ರಯತ್ನ’, ‘ಪರೀಕ್ಷೆ’ ಎಂದು ಅರ್ಥ. ಒಂದು ವಿಷಯವನ್ನು ತನ್ನ ಬುದ್ಧಿಯ ಒರೆಗಲ್ಲಿಗೆ ಹಚ್ಚಿ ನೋಡುವುದೇ ಪ್ರಬಂಧ. ತಿಳಿದುದನ್ನೆಲ್ಲ ಹೇಳುವುದು ಅದರ ಕೆಲಸವಲ್ಲ. ಒಂದು ಮಾತನ್ನು ಓದುಗನ ಮನಸ್ಸಿನಲ್ಲಿ ನಿಲ್ಲಿಸುವುದೇ ಅದರ ಕೆಲಸ. ಆ ಒಂದು ಮಾತು ಯಾವುದೆಂಬುದು ಬರೆಯುವವನಿಗೆ ಸ್ಪಷ್ಟವಾಗದಿದ್ದರೆ, ಎಷ್ಟು ಪುಟ ಬರೆದರೂ ಪ್ರಬಂಧವಾಗದು.

ಕ್ರಮವನ್ನು ಒಂದು ಉದಾಹರಣೆಯಿಂದ ವಿವರಿಸುವೆವು. ವಿಷಯ, ‘ಬಿದರಿ ಕೆಲಸ’ ಎಂದಿರಲಿ.

ಮೊದಲನೆಯದು ಸಂಗ್ರಹ. ಒಂದು ಹಾಳೆಯಲ್ಲಿ ಕಂಡುದು, ಕೇಳಿದುದು, ಓದಿದುದು ಇವುಗಳನ್ನು ತೋಚಿದಂತೆ ಗುರುತುಹಾಕಬೇಕು. ಸತು ಹೆಚ್ಚು, ತಾಮ್ರ ಸ್ವಲ್ಪ ಕೂಡಿಸಿ ಕರಗಿಸುತ್ತಾರೆ. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಮಾಡುತ್ತಾರೆ. ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಮೇಲೆ ಚಿತ್ರವನ್ನು ಗೀರುತ್ತಾರೆ. ಉಳಿಯಿಂದ ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಕಡೆಗೆ ಕೋಟೆಯ ಹಳೆಯ ಭಾಗಗಳಿಂದ ತಂದ ಮಣ್ಣನ್ನು ನವಸಾಗರದೊಡನೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕುತ್ತಾರೆ; ಆಗ ಲೋಹವೆಲ್ಲ ಶಾಶ್ವತವಾಗಿ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಬಹಮನೀ ಸುಲ್ತಾನರ ಹೆಸರುಗಳು, ಬರೀದಶಾಹಿಗಳ ಗೋರಿಗಳು, ಕೋಟೆಯ ದ್ವಾರಗಳು, ಇವೂ ಹಾಳೆಯ ಮೇಲೆ ಬಂದು ಕೂರುತ್ತವೆ. ಕೂರಲಿ, ಈ ಹಂತದಲ್ಲಿ ಯಾವುದನ್ನೂ ತಡೆಯಬೇಕಾದುದಿಲ್ಲ.

ಎರಡನೆಯದು ಪ್ರಶ್ನೆ. ಈ ಗುರುತುಗಳಲ್ಲಿ ನಮಗೆ ಆಶ್ಚರ್ಯವುಂಟುಮಾಡಿದುದು ಯಾವುದು? ಬೆಲೆಯುಳ್ಳ ಬೆಳ್ಳಿಗಿಂತಲೂ ಬೆಲೆಯಿಲ್ಲದ ಮಣ್ಣಿನ ಮೇಲೆ ಕುಶಲಿಗಳಿಗೆ ಹೆಚ್ಚು ಆದರವೇಕೆ? ಇದಕ್ಕೆ ಉತ್ತರವನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು: ‘ಬಿದರಿಯ ಬೆಳ್ಳಿ ಹೊಳೆಯುವುದು ಬೀದರಿನ ಮಣ್ಣು ಕೊಟ್ಟ ಕಪ್ಪಿನಿಂದ.’ ಇದೇ ಪ್ರಬಂಧದ ಪ್ರತಿಜ್ಞೆ. ‘ಬಿದರಿ ಕೆಲಸವು ಬಹು ಪ್ರಸಿದ್ಧವಾದುದು’ ಎಂಬುದು ಪ್ರತಿಜ್ಞೆಯಾಗಲಾರದು. ಏಕೆಂದರೆ ಅದನ್ನು ಯಾರೂ ಅಲ್ಲಗಳೆಯುವುದಿಲ್ಲ, ಯಾರೂ ಜ್ಞಾಪಕದಲ್ಲಿ ಇಡುವುದೂ ಇಲ್ಲ.

ಮೂರನೆಯದು ತ್ಯಾಗ. ಇದೇ ಎಲ್ಲಕ್ಕಿಂತ ಕಷ್ಟವಾದುದು. ಪ್ರತಿಜ್ಞೆಗೆ ಸಂಬಂಧಪಡದ ಗುರುತುಗಳನ್ನು ಹೊಡೆದುಹಾಕಬೇಕು. ಸುಲ್ತಾನರ ಪಟ್ಟಿ ಹೋಯಿತು; ಗೋರಿಗಳು ಹೋದುವು. ಅವು ಸುಳ್ಳೆಂದಲ್ಲ, ಈ ಪ್ರಬಂಧಕ್ಕೆ ಬೇಡವೆಂದು. ಕೋಟೆ ಮಾತ್ರ ಉಳಿಯಿತು, ಮಣ್ಣು ಅಲ್ಲಿಯದಾದುದರಿಂದ.

ನಾಲ್ಕನೆಯದು ಜೋಡಣೆ. ಉಳಿದ ಗುರುತುಗಳನ್ನು ಯಾವ ಕ್ರಮದಲ್ಲಿ ಇಡಬೇಕೆಂಬುದನ್ನು ವಿಷಯವೇ ಹೇಳುತ್ತದೆ. ಇಲ್ಲಿ ತಯಾರಿಕೆಯ ಕ್ರಮವೇ ಸಹಜವಾದುದು: ಎರಕ, ಕೊರೆತ, ಬೆಳ್ಳಿಯ ಕೂಡಿಕೆ, ಕಪ್ಪಾಗಿಸುವಿಕೆ. ಒಂದೊಂದಕ್ಕೆ ಒಂದೊಂದು ವಾಕ್ಯವೃಂದ. ಒಂದು ವಾಕ್ಯವೃಂದದಲ್ಲಿ ಒಂದೇ ವಿಚಾರವಿರಬೇಕು. ಅದರ ಕೊನೆಯ ವಾಕ್ಯವು ಮುಂದಿನದಕ್ಕೆ ದಾರಿ ಮಾಡಿಕೊಡಬೇಕು. ಉಪಕ್ರಮದಲ್ಲಿ ‘ಅನಾದಿಕಾಲದಿಂದಲೂ’ ಎಂದು ತೊಡಗದೆ, ಕಪ್ಪು ಹೂಜಿಯೊಂದನ್ನು ಓದುಗನ ಕಣ್ಣಮುಂದೆ ಇಟ್ಟರೆ ಸಾಕು. ಉಪಸಂಹಾರದಲ್ಲಿ ಹೇಳಿದುದನ್ನೇ ಮತ್ತೆ ಹೇಳಬೇಕಾಗಿಲ್ಲ. ಆ ಮಣ್ಣು ಕಣ್ಣಿಗೆ ಬಿದ್ದಾಗ ಪ್ರತಿಜ್ಞೆ ಸಿದ್ಧವಾಗಿರುತ್ತದೆ. ಅಲ್ಲಿಗೆ ನಿಲ್ಲಿಸುವುದೇ ಲೇಸು.

ಇನ್ನು ಭಾಷೆಯ ಮಾತು. ಔರಾದಿನ ಹುಡುಗಿಯ ಮನೆಮಾತು ಮರಾಠಿಯಾಗಿರಬಹುದು; ಪೇಟೆಯಲ್ಲಿ ಉರ್ದುವೂ ತೆಲುಗೂ ಅವಳ ಕಿವಿಗೆ ಬೀಳುತ್ತವೆ; ಶಾಲೆಯಲ್ಲಿ ಕನ್ನಡ. ಇದನ್ನು ಕೊರತೆಯೆಂದು ನಾವು ತಿಳಿಯಬಾರದು. ಸಂಗ್ರಹದ ಹಾಳೆಯಲ್ಲಿ ಯಾವ ಭಾಷೆಯ ಮಾತು ತೋಚಿದರೂ ಅದನ್ನು ಬರೆದುಕೊಳ್ಳಲಿ. ಪ್ರತಿಜ್ಞೆಯ ವಾಕ್ಯವನ್ನು ಮಾತ್ರ ಕನ್ನಡದಲ್ಲೇ ಕಟ್ಟಲಿ. ಮುಂದಿನ ವಾಕ್ಯಗಳು ಅದರ ಜಾಡನ್ನು ಹಿಡಿದು ಬರುವುವು. ಸಂತೆಯನ್ನು ವರ್ಣಿಸುವಾಗ ಜೋಳ, ತೊಗರಿ, ರೊಕ್ಕ, ಉದ್ರಿ ಎಂದು ಜನ ಆಡುವಂತೆ ಬರೆದರೆ ಸಂತೆ ಕಾಣುತ್ತದೆ. ‘ಧನಧಾನ್ಯಾದಿಗಳ ವಿನಿಮಯ’ ಎಂದು ಬರೆದರೆ ನಿಘಂಟು ಕಾಣುತ್ತದೆ. ಅರ್ಜಿ, ಜಮೀನು, ಕಾಗದ ಇವೆಲ್ಲ ಹೊರಗಿನಿಂದ ಬಂದು ನಮ್ಮವಾದ ಮಾತುಗಳೇ ಅಲ್ಲವೆ? ಕ್ರಿಸ್ತಶಕ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೂ ಸಂಸ್ಕೃತ ಕನ್ನಡಗಳನ್ನು ಬೆರಸುವಾಗ ಇರಬೇಕಾದ ಔಚಿತ್ಯವನ್ನು ವಿಚಾರಮಾಡುತ್ತದೆ. ಆ ಗ್ರಂಥವು ಕನ್ನಡನಾಡಿನ ಉತ್ತರದ ಎಲ್ಲೆಯೆಂದು ಗೋದಾವರಿಯನ್ನು ಹೆಸರಿಸಿತು. ಮಾಂಜರಾ ಹೋಗಿ ಸೇರುವುದು ಆ ಗೋದಾವರಿಯನ್ನೇ.

ಈ ಗಡಿನಾಡಿನಲ್ಲಿ ಕನ್ನಡದಲ್ಲಿ ಬರೆಯುವುದು ಸುಲಭವಾಗಿ ದೊರೆತ ಭಾಗ್ಯವಲ್ಲ. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನೆಯ ಭಾಷೆಯೂ ಅದೇ. ಉರ್ದುವಿನಲ್ಲಿ ಉನ್ನತ ವಿದ್ಯೆಯನ್ನು ಕಲಿಸಿದುದು ಒಂದು ಸಾಹಸವೇ; ಆದರೆ ಕನ್ನಡಿಗ ರೈತನು ತನ್ನ ಅಹವಾಲನ್ನು ತಿಳಿಸಲು ಅರ್ಜಿ ಬರೆಯುವ ಇನ್ನೊಬ್ಬನ ಮುಂದೆ ಕೂರಬೇಕಾಯಿತು. ಆ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂದು ಆ ಪ್ರಾಂತದವರು ಇಂದಿಗೂ ಸ್ಮರಿಸುತ್ತಾರೆ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. 1956ರಲ್ಲಿ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಅಷ್ಟು ಶ್ರಮದಿಂದ ಉಳಿದ ಭಾಷೆಯಲ್ಲಿ ನಮ್ಮ ಮಕ್ಕಳು ಅನ್ಯರ ವಾಕ್ಯಗಳನ್ನು ಬಾಯಿಪಾಠ ಒಪ್ಪಿಸುವುದಾದರೆ, ಫಲಕವಷ್ಟೇ ಬದಲಾಯಿತೆಂದು ಹೇಳಬೇಕಾದೀತು. ಸ್ವಂತವಾಗಿ ನಾಲ್ಕು ಪುಟ ಬರೆಯಲಾರದವನ ಪರವಾಗಿ ಬರೆಯುವವರು ಯಾವ ಕಾಲದಲ್ಲಿಯೂ ಸಿಕ್ಕಿಯೇ ಸಿಕ್ಕುತ್ತಾರೆ. ಅವರು ಏನನ್ನು ಬರೆದರೆಂಬುದು ಅವನಿಗೆ ತಿಳಿಯದು.

ಕಡೆಯದಾಗಿ ಪರಿಷ್ಕಾರ. ಬರೆದುದನ್ನು ಒಂದು ರಾತ್ರಿ ಬಿಟ್ಟು, ಮರುದಿನ ಗಟ್ಟಿಯಾಗಿ ಓದಬೇಕು. ಕಣ್ಣು ಕ್ಷಮಿಸುವುದನ್ನು ಕಿವಿ ಕ್ಷಮಿಸುವುದಿಲ್ಲ. ಉಸಿರು ಕಟ್ಟಿದ ಕಡೆ ವಾಕ್ಯ ಉದ್ದವಾಗಿದೆಯೆಂದು ಅರ್ಥ. ನಾಲಗೆ ತಡವರಿಸಿದ ಕಡೆ ಪದ ತನ್ನದಲ್ಲವೆಂದು ಅರ್ಥ. ಆಮೇಲೆ ಒಂದೊಂದು ವಾಕ್ಯವೃಂದಕ್ಕೂ, ‘ಇದನ್ನು ತೆಗೆದರೆ ಏನು ನಷ್ಟ?’ ಎಂಬ ಪ್ರಶ್ನೆ ಹಾಕಬೇಕು. ನಷ್ಟವಿಲ್ಲದಿದ್ದರೆ ತೆಗೆಯಬೇಕು.

ತಂದೆತಾಯಿಗಳಲ್ಲಿಯೂ ಉಪಾಧ್ಯಾಯರಲ್ಲಿಯೂ ನಮ್ಮದೊಂದು ಬಿನ್ನಹವುಂಟು. ಮುಂದಿನ ಸಲ ಮಕ್ಕಳಿಗೆ ಪ್ರಬಂಧದ ವಿಷಯವನ್ನು ಕೊಡುವಾಗ, ಅವರು ನಡೆದು ಹೋಗಿ ನೋಡಬಹುದಾದ ವಸ್ತುವನ್ನೇ ಕೊಡಿರಿ: ಓಣಿಯ ಬಾವಿ, ಕುಶಲಿಯ ಅಂಗಡಿ, ವಾರದ ಸಂತೆ. ಬರೆದು ತಂದ ಮೇಲೆ ಎಷ್ಟು ಪುಟವಾಯಿತೆಂದು ಕೇಳಬೇಡಿರಿ. ‘ನೀನು ಹೇಳಬೇಕೆಂದಿದ್ದ ಒಂದು ಮಾತು ಯಾವುದು?’ ಎಂದು ಕೇಳಿರಿ. ಮಗುವು ಹಾಳೆಯನ್ನು ನೋಡದೆ ಅದನ್ನು ಹೇಳಿತಾದರೆ, ಪ್ರಬಂಧವು ಅದರದೇ ಎಂದು ನಂಬಬಹುದು.