ಉಸ್ತಾದ್, ಮಂಗನಿಂದ ಮಾನವ ಅಂತಾರಲ್ಲ, ನಿಜವಾ?

ಮಗ್ರಿಬ್ ನಂತರದ ಪಾಠ ಮುಗಿಸಿ ಎದ್ದ ಹತ್ತನೇ ತರಗತಿಯ ಹುಡುಗನೊಬ್ಬ ಬಾಗಿಲಲ್ಲೇ ನಿಂತು ಈ ಪ್ರಶ್ನೆ ಕೇಳಿದ. "ಅದೆಲ್ಲ ಬರೀ ಥಿಯರಿ, ಸಾಕ್ಷಿ ಏನೂ ಇಲ್ಲ, ಮನೆಗೆ ಹೋಗು" ಎಂದು ನಾವು ಗದರಿ ಕಳಿಸಿದೆವು. ಆಮೇಲೆ ಅವನು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಅದು ನಮ್ಮನ್ನು ಕಾಡಿತು. ಓದಲು ಕೂತೆವು.

ಮೊದಲನೆಯದಾಗಿ, ಈಗಿನ ಮಂಗನಿಂದ ಮನುಷ್ಯ ಬಂದ ಎಂದು ವಿಜ್ಞಾನ ಹೇಳುವುದೇ ಇಲ್ಲ. ಬಹಳ ಹಿಂದೆ ಇಬ್ಬರಿಗೂ ಒಂದೇ ಪೂರ್ವಜರಿದ್ದರು ಎನ್ನುತ್ತದೆ. ಇನ್ನು 'ಥಿಯರಿ' ಎಂದರೆ ನಮ್ಮ ಬಾಯಲ್ಲಿ ಊಹೆ. ವಿಜ್ಞಾನಿಗಳಿಗೆ ಅದು ಮತ್ತೆ ಮತ್ತೆ ಪರೀಕ್ಷೆಗೆ ಒಡ್ಡಿಯೂ ಉಳಿದುಕೊಂಡ ವಿವರಣೆ.

ಸಾಕ್ಷಿಗೆ ಶಿರಸಿ, ಯಲ್ಲಾಪುರದವರು ದೂರ ಹೋಗಬೇಕಿಲ್ಲ. ಪಕ್ಕದ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಾತಿಯ ಮರಗಳ ಜೌಗು ಕಾಡಿದೆ. ಅಲ್ಲಿನ ಒಂದು ಕಪ್ಪೆಗೆ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ 'ಕುಂಬಾರ' ಎಂದು ಹೆಸರಿಟ್ಟರು. ಗಂಡು ಕಪ್ಪೆ ಮುಂಗಾಲಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ, ಥೇಟ್ ಕುಂಬಾರನ ಹಾಗೆ. ಇದರದೇ ಕುಲದ ಜೋಗದ ಕಪ್ಪೆ ಮೊಟ್ಟೆ ಕಾಯುತ್ತದೆ, ಮಣ್ಣು ಮೆತ್ತುವುದಿಲ್ಲ. ಇವುಗಳ ಇಡೀ ಕುಲ ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಒಂದೇ ಘಟ್ಟದಲ್ಲಿ ಇಷ್ಟೊಂದು ದಾಯಾದಿಗಳು ಏಕೆ? ಒಂದು ಪೂರ್ವಜ ಕಪ್ಪೆಯ ಸಂತತಿ ಇಲ್ಲಿಯೇ ಕವಲೊಡೆಯಿತು ಎನ್ನುವುದು ವಿಜ್ಞಾನದ ಉತ್ತರ. ಯಾವ ಕಪ್ಪೆಯ ಮೊಟ್ಟೆ ಹೆಚ್ಚು ಉಳಿಯಿತೋ ಅದರ ಗುಣವೇ ತಲೆಮಾರಿನಿಂದ ತಲೆಮಾರಿಗೆ ಹೆಚ್ಚುತ್ತಾ ಹೋಯಿತು.

ನಮ್ಮ ಘಟ್ಟದ ಸಿಂಗಳೀಕವೂ ಹಾಗೆ. ಅದರ ಹತ್ತಿರದ ನೆಂಟರು ಇರುವುದು ಆಗ್ನೇಯ ಏಷ್ಯಾದ ಕಾಡುಗಳಲ್ಲಿ. ಮನುಷ್ಯರ ವಿಷಯಕ್ಕೆ ಬಂದರೆ, ಚಿಂಪಾಂಜಿಗೆ 48 ಕ್ರೋಮೋಸೋಮು, ನಮಗೆ 46. ಎರಡು ಎಲ್ಲಿ ಹೋದವು? ನಮ್ಮ ಎರಡನೇ ಕ್ರೋಮೋಸೋಮಿನಲ್ಲಿ ಎರಡು ತುಂಡು ಕೂಡಿಕೊಂಡ ಬೆಸುಗೆಯ ಗುರುತು ಈಗಲೂ ಇದೆ. ಇದನ್ನು ಓದಿದ ರಾತ್ರಿ ನಮಗೆ ನಿದ್ದೆ ಸರಿ ಬರಲಿಲ್ಲ, ಸುಳ್ಳೇಕೆ ಹೇಳಬೇಕು.

ಆದಮ್ (ಅ)ರ ವಿಷಯ ನಮ್ಮ ಈಮಾನಿಗೆ ಸೇರಿದ್ದು. ಅದನ್ನು ಕಲಿಸುತ್ತೇವೆ, ಬಿಡುವುದಿಲ್ಲ. ವಿಕಾಸವನ್ನು ಪೂರ್ತಿ ತಳ್ಳಿಹಾಕುವ ಉಲಮಾಗಳಿದ್ದಾರೆ, ಪ್ರಾಣಿಗಳ ಮಟ್ಟಿಗೆ ಒಪ್ಪಿ ಮನುಷ್ಯನನ್ನು ಬೇರೆ ಇಡುವವರೂ ಇದ್ದಾರೆ. ಆ ಚರ್ಚೆ ಅವರಿಗಿರಲಿ. ಆದರೆ ಸಾಕ್ಷಿಯೇ ಇಲ್ಲ ಎಂದು ಮಗುವಿಗೆ ಹೇಳಿದ್ದು ಸುಳ್ಳು, ಅದನ್ನು ಹೇಳಿದ್ದು ನಾವು. 9ನೇ ಶತಮಾನದಲ್ಲಿ ಬಸ್ರಾದ ಅಲ್ ಜಾಹಿಝ್ 'ಕಿತಾಬುಲ್ ಹಯವಾನ್' ಬರೆದದ್ದು ಪ್ರಾಣಿಗಳನ್ನು ಕಣ್ಣಿಟ್ಟು ನೋಡಿಯೇ. (ಡಾರ್ವಿನ್ ಹೇಳಿದ್ದನ್ನೆಲ್ಲ ಅವರು ಮೊದಲೇ ಹೇಳಿದ್ದರು ಎಂಬ ವಾಟ್ಸಾಪ್ ಸಂದೇಶ ಮಾತ್ರ ಅತಿಯಾಯಿತು.)

2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಿಂದ ವಿಕಾಸದ ಭಾಗ ಹೋಯಿತೆಂದು 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದರು. ಪುಸ್ತಕದಿಂದ ಪಾಠ ಹೋಗಬಹುದು, ಮಕ್ಕಳ ತಲೆಯಿಂದ ಪ್ರಶ್ನೆ ಹೋಗುವುದಿಲ್ಲ. ನಾವು ಬಾಯಿ ಮುಚ್ಚಿಸಿದರೆ ಮೊಬೈಲ್ ಉತ್ತರ ಹೇಳುತ್ತದೆ.

ಮೊನ್ನೆ ಆ ಹುಡುಗನನ್ನು ಕರೆದು, "ಅವತ್ತು ನಾವು ಹೇಳಿದ್ದು ತಪ್ಪು ಮೋನೆ" ಎಂದೆವು. ಕುಂಬಾರ ಕಪ್ಪೆಯ ಕತೆ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಹಾಗಾದರೆ ಉಸ್ತಾದ್, ಜೋಗದ ಕಪ್ಪೆ ಯಾಕೆ ಮಣ್ಣು ಮೆತ್ತೋದಿಲ್ಲ?"